ಲಿಂಪೆಟ್‌ನ ನೀಲಿ ರಕ್ತ ಲಸಿಕೆಗೆ ಹೇಗೆ ಒದಗುತ್ತದೆ? – ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬಸವನಹುಳುವಿನಂಥ ಕಡಲಜೀವಿಯ ರಕ್ತದ ಪ್ರೋಟೀನನ್ನು ಲಸಿಕೆಗಳಲ್ಲಿ ಬಳಸುತ್ತಾರಂತೆ. ಅದು ದೇಹದೊಳಗೆ ಮಾಡುವುದೇನು?

ಉತ್ತರ: ಅದು ಕೀಹೋಲ್ ಲಿಂಪೆಟ್ ಹೀಮೋಸಯಾನಿನ್. ಪ್ರಯೋಗಾಲಯದ ಮಾತಿನಲ್ಲಿ ಕೆಎಲ್‌ಎಚ್. ಚಿಪ್ಪಿನ ನೆತ್ತಿಯಲ್ಲಿ ಬೀಗದ ಕಿಂಡಿಯಂಥ ತೂತಿರುವ ಮೆಗಥುರಾ ಕ್ರೆನುಲೇಟಾ ಎಂಬ ಮೃದ್ವಂಗಿ ಕ್ಯಾಲಿಫೋರ್ನಿಯಾ ಮತ್ತು ಬಾಹಾ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಿಗುತ್ತದೆ. ಮನುಷ್ಯನ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರ ರಕ್ತದಲ್ಲಿ ತಾಮ್ರ ಮಾಡುತ್ತದೆ. ಎರಡು ತಾಮ್ರದ ಪರಮಾಣುಗಳ ನಡುವೆ ಆಮ್ಲಜನಕ ಕೂತಾಗ ಬಣ್ಣ ನೀಲಿಗೆ ತಿರುಗುತ್ತದೆ.

ಇದರ ಗಾತ್ರವೇ ಒಂದು ಅಚ್ಚರಿ. 350ರಿಂದ 400 ಕಿಲೋಡಾಲ್ಟನ್ (ಡಾಲ್ಟನ್ ಎಂಬುದು ಅಣುಗಳ ತೂಕದ ಮಾನ, ಕಿಲೋ ಎಂದರೆ ಸಾವಿರ) ತೂಗುವ 20 ಉಪಘಟಕಗಳು ಸೇರಿ, ಸುಮಾರು 80 ಲಕ್ಷ ಡಾಲ್ಟನ್ ತೂಕದ ಟೊಳ್ಳು ಕೊಳವೆಯಾಗುತ್ತವೆ. ಹಿಮೋಗ್ಲೋಬಿನ್ ತೂಗುವುದು ಬರೀ 64 ಸಾವಿರ.

ಚಿಕ್ಕ ಪೆಪ್ಟೈಡ್ (ಪ್ರೋಟೀನಿನ ತುಣುಕು) ಅಥವಾ ಸಕ್ಕರೆಯ ಸರಪಳಿಯನ್ನು ಹಾಗೇ ಚುಚ್ಚಿದರೆ ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ. ಪ್ರತಿಕಾಯ ತಯಾರಿಸುವ ಬಿ ಕೋಶ ಅದನ್ನು ಗುರುತಿಸಬಲ್ಲದು, ಆದರೆ ಸಹಾಯಕ ಟಿ ಕೋಶದ ಒಪ್ಪಿಗೆ ಸಿಗದು. ಅದೇ ತುಣುಕನ್ನು ಕೆಎಲ್‌ಎಚ್‌ಗೆ ಬೆಸೆದು ಕೊಟ್ಟರೆ ಬಿ ಕೋಶ ಎರಡನ್ನೂ ಒಟ್ಟಿಗೆ ನುಂಗುತ್ತದೆ, ಕೆಎಲ್‌ಎಚ್‌ನ ಚೂರುಗಳನ್ನು ತನ್ನ ಮೈಮೇಲೆ ಪ್ರದರ್ಶಿಸುತ್ತದೆ, ಅದನ್ನು ಕಂಡ ಟಿ ಕೋಶ ನೆರವಿಗೆ ಬರುತ್ತದೆ. ಬೆಸೆಯುವುದು ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತಿದ್ದೇವೆ: ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸಿದರೆ ಸಾಲದು, ರಾಸಾಯನಿಕ ಬಂಧವೇ ಬೇಕು. ಲಿಂಪೆಟ್ ಮನುಷ್ಯನಿಂದ ವಿಕಾಸದಲ್ಲಿ ಬಹಳ ದೂರದ ಜೀವಿ. ಹಾಗಾಗಿ ನಮ್ಮ ದೇಹ ಈ ಪ್ರೋಟೀನನ್ನು ಪರಕೀಯವೆಂದು ತಕ್ಷಣ ಗುರುತಿಸುತ್ತದೆ.

ಪ್ರಶ್ನೆ: ಹಾಗಾದರೆ ಇದೂ ಒಂದು ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ಪದಾರ್ಥ) ತಾನೇ?

ಉತ್ತರ: ಮುಖ್ಯವಾಗಿ ಇದು ವಾಹಕ, ಅಂದರೆ ಚಿಕ್ಕ ತುಣುಕನ್ನು ಹೊತ್ತೊಯ್ಯುವ ಪ್ರೋಟೀನು. ಅಡ್ಜುವೆಂಟ್ ಸುತ್ತಲಿನ ಕೋಶಗಳನ್ನು ಕೆರಳಿಸುತ್ತದೆ, ಅದನ್ನು ಬೆರೆಸಿ ಕೊಟ್ಟರೂ ಕೆಲಸ ನಡೆಯುತ್ತದೆ. ಕೆಎಲ್‌ಎಚ್ ಮೇಲಿನ ಮ್ಯಾನೋಸ್ ಸಕ್ಕರೆಗಳು ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳ ಗ್ರಾಹಕಗಳಿಗೆ ಅಂಟುವುದರಿಂದ ಸ್ವಲ್ಪ ಕೆರಳಿಕೆ ಇದರಿಂದಲೂ ಆಗುತ್ತದೆ, ನಿಜ. ಆದರೂ ಕ್ಯೂಎಸ್-21ನಂಥ ಅಡ್ಜುವೆಂಟನ್ನು ಹೆಚ್ಚಾಗಿ ಜೊತೆಗೆ ಸೇರಿಸಿಯೇ ಕೊಡುತ್ತಾರೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. 15 ಅಮೈನೋ ಆಮ್ಲಗಳ ಪೆಪ್ಟೈಡನ್ನು ಕೆಎಲ್‌ಎಚ್‌ಗೆ ಬೆಸೆದು ಮೊಲಕ್ಕೆ ಚುಚ್ಚಿದೆವು. ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಅದರ ಮಟ್ಟ ಬಹಳ ಚೆನ್ನಾಗಿ ಬಂತು. ಪ್ರೋಟೀನುಗಳನ್ನು ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಮಾತ್ರ ನಮ್ಮ ಪ್ರೋಟೀನಿನ ಪಟ್ಟಿ ಕಾಣಲೇ ಇಲ್ಲ. ಬೆಸೆಯುವಾಗ ದ್ರಾವಣವೂ ಮಬ್ಬಾಗಿತ್ತು.

ಉತ್ತರ: ಎಲೈಸಾ ತಟ್ಟೆಗೆ ಏನು ಬಳಿದಿದ್ದಿರಿ ಎಂಬುದನ್ನು ಮೊದಲು ನೋಡಿ. ಅದೇ ಪೆಪ್ಟೈಡ್–ಕೆಎಲ್‌ಎಚ್ ಜೋಡಿಯನ್ನು ಬಳಿದಿದ್ದರೆ ನೀವು ಅಳೆದದ್ದು ಬಹುಪಾಲು ಕೆಎಲ್‌ಎಚ್ ವಿರುದ್ಧದ ಪ್ರತಿಕಾಯವನ್ನು. ವಾಹಕಕ್ಕೆ ಬಂದ ಮರ್ಯಾದೆಯನ್ನು ಸವಾರನಿಗೆ ಬಂದದ್ದೆಂದು ತಿಳಿಯುವ ಈ ತಪ್ಪು ಬಹಳ ಸಾಮಾನ್ಯ. ಪರೀಕ್ಷೆಗೆ ಬಿಡಿ ಪೆಪ್ಟೈಡನ್ನೇ ಬಳಿಯಿರಿ, ಇಲ್ಲವೇ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೋಟೀನಿಗೆ ಬೆಸೆದದ್ದನ್ನು ಬಳಸಿ. ಕೊಂಡಿಯ ರಾಸಾಯನಿಕವೂ ಬೇರೆಯದಿರಲಿ, ಏಕೆಂದರೆ ಕೊಂಡಿಯ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆ. ಆಗಲೂ ಮಟ್ಟ ಚೆನ್ನಾಗಿದ್ದರೆ, ನೀವು ಆರಿಸಿದ ತುಣುಕು ಪೂರ್ಣ ಪ್ರೋಟೀನಿನಲ್ಲಿ ಮಾರ್ಪಾಡಾಗಿದೆಯೇ ಎಂದು ಹುಡುಕಿ.

ಇನ್ನು ಬೆಸೆಯುವ ಕ್ರಮ. ಪೆಪ್ಟೈಡಿನ ಒಂದು ತುದಿಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸೇರಿಸಿ ತಯಾರಿಸಿಕೊಂಡು, ಸಿಸ್ಟೀನಿಗೆ ಅಂಟುವ ಮಲೆಇಮೈಡ್ ಎಂಬ ಕೊಂಡಿ ಹಚ್ಚಿದ ಕೆಎಲ್‌ಎಚ್‌ಗೆ ಕೂಡಿಸುವುದು ಸಲೀಸು. 2 ಮಿಲಿಗ್ರಾಂ ಕೆಎಲ್‌ಎಚ್‌ಗೆ 200 ಮೈಕ್ರೋಲೀಟರ್ ಶುದ್ಧ ನೀರು ಹಾಕಿ, ತಾನಾಗಿ ಕರಗಲು ಬಿಡಿ. ವೋರ್ಟೆಕ್ಸ್ ಮಾಡಿ ನೊರೆ ಎಬ್ಬಿಸಬೇಡಿ. ಅಷ್ಟೇ ತೂಕದ ಪೆಪ್ಟೈಡನ್ನು ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ ಕರಗಿಸಿ ಸೇರಿಸಿ, ಕೋಣೆಯ ಉಷ್ಣತೆಯಲ್ಲಿ 2 ಗಂಟೆ ಇಡಿ, ನಂತರ ಡಿಸಾಲ್ಟಿಂಗ್ ಕಾಲಂನಲ್ಲಿ ಹಾಯಿಸಿ. ಪಿಎಚ್ 7.5 ದಾಟಿದರೆ ಮಲೆಇಮೈಡ್ ಲೈಸೀನ್‌ಗಳ ಜೊತೆಗೂ ಕೂಡತೊಡಗುತ್ತದೆ, ನೀರಿನಿಂದಲೂ ಒಡೆಯುತ್ತದೆ. ಹಳೆಯ ಪೆಪ್ಟೈಡ್ ಆಗಿದ್ದರೆ ಸಿಸ್ಟೀನ್‌ಗಳು ಒಂದಕ್ಕೊಂದು ಜೋಡಿಯಾಗಿರುತ್ತವೆ; ಮೊದಲು ಬಿಡಿ ಸಿಸ್ಟೀನ್ ಇದ್ದರೆ ಹಳದಿಯಾಗುವ ಎಲ್ಮನ್ ಕಾರಕ ಹಾಕಿ 412 ನ್ಯಾನೋಮೀಟರಿನಲ್ಲಿ ಹಳದಿ ಬಣ್ಣ ಅಳೆಯಿರಿ. ಹಳದಿ ಬಾರದಿದ್ದರೆ ಪೆಪ್ಟೈಡನ್ನು ಅಪಕರ್ಷಿಸಬೇಕು, ಅಂದರೆ ಆ ಜೋಡಿಗಳನ್ನು ಬಿಡಿಸಬೇಕು. ಅದಕ್ಕೆ ಡಿಟಿಟಿ ಎಂಬ ಅಪಕರ್ಷಕ ಬಳಸಿದರೆ ಪೂರ್ತಿ ತೆಗೆದುಹಾಕಿ. ಉಳಿದ ಡಿಟಿಟಿ ಮಲೆಇಮೈಡನ್ನೆಲ್ಲ ತಾನೇ ಕಬಳಿಸುತ್ತದೆ.

ಸಿಸ್ಟೀನ್ ಪೆಪ್ಟೈಡಿನ ನಡುವೆಯೇ ಇದ್ದರೆ ಇಡಿಸಿ ಎಂಬ ಬೆಸುಗೆ ರಾಸಾಯನಿಕದ ವಿಧಾನಕ್ಕೆ ಹೋಗಬೇಕಾಗುತ್ತದೆ. ಮಬ್ಬು ಹೆಚ್ಚಾಗಿ ಕಾಡುವುದು ಅಲ್ಲೇ. ಎಂಇಎಸ್ ಬಫರ್, ಪಿಎಚ್ 4.5ರಿಂದ 5.5, ಜೊತೆಗೆ 0.9 ಮೋಲಾರ್ ಉಪ್ಪು ಇರಲಿ. ಉಪ್ಪು ಕಡಿಮೆಯಾದರೆ ಕೆಎಲ್‌ಎಚ್ ಕಂತುತ್ತದೆ. ಟ್ರಿಸ್, ಅಸಿಟೇಟ್ ಬಫರ್‌ಗಳು ಬೇಡ, ಅವು ತಾವೇ ಇಡಿಸಿ ಕ್ರಿಯೆಯಲ್ಲಿ ಪಾಲು ಪಡೆಯುತ್ತವೆ.

ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಮುತ್ತಿನ ಹೊಳಪಿನ ತೆಳು ನೀಲಿ ಮಬ್ಬು ಕೆಎಲ್‌ಎಚ್‌ನ ಸಹಜ ಗುಣ, ಅದಕ್ಕೆ ಹೆದರಬೇಕಿಲ್ಲ. ಬಿಳಿ ಚೂರುಗಳು ತಳಕ್ಕೆ ಇಳಿಯುತ್ತಿದ್ದರೆ ಪ್ರೋಟೀನು ಗುಂಪುಗಟ್ಟಿದೆ ಎಂದರ್ಥ. ನೈಸರ್ಗಿಕ ಕೆಎಲ್‌ಎಚ್ ದ್ರಾವಣವನ್ನು ಫ್ರೀಜರಿನಲ್ಲಿಟ್ಟು ಕರಗಿಸಿದಾಗ ಆಗುವುದೂ ಇದೇ. ಅದನ್ನು 4 ಡಿಗ್ರಿಯಲ್ಲಿಡಿ. ಕೊಳವೆಯ ರಚನೆ ಬಿಚ್ಚಿಕೊಳ್ಳದೆ ಉಳಿಯಬೇಕೆಂದಿದ್ದರೆ ಬಫರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇರಬೇಕು. ಇಡಿಟಿಎ ಎಂಬ ರಾಸಾಯನಿಕ ಅವನ್ನು ಕಸಿದುಕೊಳ್ಳುತ್ತದೆ. ಬರೀ ವಾಹಕವಾಗಿ ಬಳಸುವವರಿಗೆ ರಚನೆ ಬಿಚ್ಚಿದರೂ ಅಂಥ ನಷ್ಟವಿಲ್ಲ.

ಪ್ರಶ್ನೆ: ಕ್ಯಾನ್ಸರ್‌ಗೆ ಇದು ಫಲ ಕೊಟ್ಟಿದೆಯೇ?

ಉತ್ತರ: ಆಸೆ ಹುಟ್ಟಿದ್ದು 1974ರಲ್ಲಿ. ಮೂತ್ರಕೋಶದ ಕ್ಯಾನ್ಸರ್ ರೋಗಿಗಳ ರೋಗನಿರೋಧಕ ಸಾಮರ್ಥ್ಯ ಅಳೆಯಲೆಂದು ಕೆಎಲ್‌ಎಚ್ ಕೊಟ್ಟ ಓಲ್ಸನ್ ಮತ್ತು ಸಂಗಡಿಗರು, ಅದನ್ನು ಪಡೆದವರಲ್ಲಿ ಗೆಡ್ಡೆ ಮರಳುವುದು ಕಡಿಮೆಯಾದದ್ದನ್ನು ಕಂಡರು. ಟಿಎಫ್ ಎಂಬ ಗೆಡ್ಡೆ-ಸಕ್ಕರೆಯನ್ನು ಹೋಲುವ ರಚನೆ ಕೆಎಲ್‌ಎಚ್ ಮೇಲೂ ಇರುವುದು ಇದಕ್ಕೆ ಕಾರಣವಾಗಿರಬಹುದು.

ಕೆಎಲ್‌ಎಚ್‌ಗೆ ಬೆಸೆದ ಕ್ಯಾನ್ಸರ್ ಲಸಿಕೆಗಳ ಕಥೆ ಬೇರೆ. ಸ್ತನ ಕ್ಯಾನ್ಸರ್‌ಗೆ ಥೆರಾಟೋಪ್, ಮೆಲನೋಮಾಗೆ ಜಿಎಂ2–ಕೆಎಲ್‌ಎಚ್, ಮೆದುಳಿನ ಗ್ಲಯೋಬ್ಲಾಸ್ಟೋಮಾಗೆ ರಿಂಡೋಪೆಪಿಮಟ್. ಮೂರೂ ಮೂರನೇ ಹಂತದ ಪ್ರಯೋಗದಲ್ಲಿ ಸೋತವು. ರಿಂಡೋಪೆಪಿಮಟ್ ಪ್ರಯೋಗ 2016ರಲ್ಲಿ ನಿಂತಿತು. ಪ್ರತಿಕಾಯ ಹುಟ್ಟಿಸುವ ತನ್ನ ಕೆಲಸವನ್ನು ಕೆಎಲ್‌ಎಚ್ ಮಾಡಿತು, ಆದರೆ ಅಷ್ಟರಿಂದ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ‘ಲಿಂಪೆಟ್ ಪ್ರೋಟೀನು ಕ್ಯಾನ್ಸರ್ ಗುಣಪಡಿಸುತ್ತದೆ’ ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ನಂಬಬೇಡಿ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಬೇಡಿ.

ಪ್ರಶ್ನೆ: ಚಿಪ್ಪುಜೀವಿಗಳನ್ನು ತಿಂದರೆ ಇದೇ ಲಾಭ ಸಿಗುವುದೇ? ಅಲರ್ಜಿ ಇದ್ದವರ ಗತಿ?

ಉತ್ತರ: ತಿಂದ ಪ್ರೋಟೀನು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದೂ ಅಲ್ಲದೆ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ವಯಂಸೇವಕರಿಗೆ ಮೊದಲು ಕೆಎಲ್‌ಎಚ್ ತಿನ್ನಿಸಿ ಆಮೇಲೆ ಚುಚ್ಚಿದಾಗ ಟಿ ಕೋಶಗಳ ಪ್ರತಿಕ್ರಿಯೆ ಕುಗ್ಗಿತ್ತು. ಅಲರ್ಜಿ ಇರುವವರು ಇಂಥ ಯಾವುದೇ ಪ್ರಯೋಗಕ್ಕೆ ಸೇರುವ ಮೊದಲು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ಮಕ್ಕಳ ಲಸಿಕೆಗಳಲ್ಲಿ ಇದನ್ನೇಕೆ ಬಳಸುವುದಿಲ್ಲ?

ಉತ್ತರ: ಹಿಬ್, ನ್ಯೂಮೊಕಾಕಲ್ ಲಸಿಕೆಗಳಲ್ಲಿ ಟೆಟನಸ್ ಟಾಕ್ಸಾಯ್ಡ್, ಸಿಆರ್‌ಎಂ197ನಂಥ, ವಿಷಗುಣ ಕಳೆದ ಬ್ಯಾಕ್ಟೀರಿಯಾ ಪ್ರೋಟೀನುಗಳ ವಾಹಕಗಳಿವೆ. ಅವನ್ನು ಬ್ಯಾಕ್ಟೀರಿಯಾದಲ್ಲಿ ಬೇಕಾದಷ್ಟು ಬೆಳೆಸಬಹುದು, ಪ್ರತಿ ಕಂತೂ ಒಂದೇ ಗುಣದ್ದಾಗಿರುತ್ತದೆ. ಇಷ್ಟು ದೊಡ್ಡದಾದ, ಸಕ್ಕರೆಗಳಿಂದ ತುಂಬಿದ ಕೆಎಲ್‌ಎಚ್‌ಗೆ ಮಾತ್ರ ಇವತ್ತಿಗೂ ಜೀವಂತ ಲಿಂಪೆಟ್ಟೇ ಗತಿ. ಅದಕ್ಕಾಗಿಯೇ ಕ್ಯಾಲಿಫೋರ್ನಿಯಾದ ಪೋರ್ಟ್ ವೈನೀಮಿಯಲ್ಲಿ ತೊಟ್ಟಿಗಳಲ್ಲಿ ಅವನ್ನು ಸಾಕಿ, ಕೊಲ್ಲದೆ ರಕ್ತ ತೆಗೆಯುವ ವಿಧಾನವನ್ನು ರೂಪಿಸಿದರು. ಚಿಲಿಯ ಕಾಂಕೋಲೆಪಾಸ್ ಎಂಬ ಮೃದ್ವಂಗಿಯ ಹೀಮೋಸಯಾನಿನ್ ಕೂಡ ಈಗ ವಾಹಕವಾಗಿ ಬಳಕೆಯಲ್ಲಿದೆ.