ಹೈಬ್ರಿಡ್ ಭತ್ತದ ಬೀಜ ಎತ್ತಿಟ್ಟರೆ?

ಪ್ರಶ್ನೆ: ಕೆಆರ್‌ಎಚ್‌-2 ಭತ್ತ ಕಳೆದ ಸಲ ಚೆನ್ನಾಗಿ ಬಂತು. ಅದರದೇ ಬೀಜದಲ್ಲಿ ಈ ಸಲ ಒಟ್ಲು ಬಿಟ್ಟೆ. ಪೈರು ಏರುಪೇರು, ಕೆಲವು ತೆನೆ ಪೂರಾ ಜೊಳ್ಳು. ಗೊಬ್ಬರ ಕಮ್ಮಿಯಾಯಿತೇ?
– ಓದುಗರು, ಮದ್ದೂರು

ಉತ್ತರ: ಗೊಬ್ಬರದ ತಪ್ಪಲ್ಲ, ಬೀಜದ್ದು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಕೆಆರ್‌ಎಚ್‌-2 ಎರಡು ತಳಿ ಬೆರೆಸಿದ ಹೈಬ್ರಿಡ್. ಅದರ ತಾಯಿ ತಳಿಯ ಪರಾಗ ಬಂಜೆ. ತಂದೆ ತಳಿ ಕೆಎಂಆರ್‌-3 ಕೊಡುವ ಜೀನ್ ಇದ್ದರಷ್ಟೇ ಕಾಳು ಕಟ್ಟುತ್ತದೆ. ನೀವು ಎತ್ತಿಟ್ಟ ಬೀಜದಲ್ಲಿ ಜೀನ್‌ಗಳು ಚದುರಿವೆ. ತಂದೆಯ ಆ ಜೀನ್ ಸಿಗದ ಗಿಡದ ತೆನೆ ಜೊಳ್ಳು. ಎತ್ತರ, ಹೂ ಬರುವ ದಿನವೂ ಬೆರಕೆಯೇ. ಹೈಬ್ರಿಡ್ಡಿಗೆ ಪ್ರತಿ ಸಲ ಹೊಸ ಬೀಜ ಬೇಕು, ಎಕರೆಗೆ ಸುಮಾರು 8 ಕೆ.ಜಿ. ಖರ್ಚು ಹೌದು. ಬೀಜ ಎತ್ತಿಡಲೇಬೇಕೆಂದರೆ ಹೈಬ್ರಿಡ್ ಅಲ್ಲದ ತಳಿಗಳಾದ ತನು ಅಥವಾ ಜಯ ಹಾಕಿ; ಹೂ ಬಂದಾಗ ಬೆರಕೆ ಗಿಡಗಳನ್ನು ಬುಡಸಮೇತ ಕಿತ್ತು, ಬದುವಿನ ಅಂಚು ಬಿಟ್ಟು ಗದ್ದೆಯ ನಡುವಿನಿಂದ ಬೀಜ ತೆಗೆಯಿರಿ.