ಪ್ರತಿಕ್ರಿಯೆ: ಹೋಲ್ಗಾ ಲೆನ್ಸ್, ಕೋಪಾಲ್ 0 ಶಟರ್, ದೂರದ್ದೆಲ್ಲ ಮಸುಕು

ಹೋಲ್ಗಾದ (ಅಗ್ಗದ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾ) ಲೆನ್ಸನ್ನು ಅದರ ಬ್ಯಾರಲ್ (ಲೆನ್ಸ್ ಕೂತಿರುವ ಕೊಳವೆ) ಸಮೇತ ಕೋಪಾಲ್ 0 ಶಟರಿಗೆ (ದೊಡ್ಡ ಕ್ಯಾಮೆರಾ ಲೆನ್ಸುಗಳ ಬಿಡಿ ಶಟರ್) ಅಂಟಿಸಿದ ಮೇಲೆ ದೂರದ ಕಟ್ಟಡ ಮಸುಕು, ನಾಲ್ಕೂ ಮೂಲೆ ಕಪ್ಪು ಅಂದಿದ್ದೀರಿ. ಎರಡಕ್ಕೂ ಕಾರಣ ಬಹುಶಃ ಒಂದೇ: ಬ್ಯಾರಲ್ ಸಮೇತ ಅಂಟಿಸಿದ್ದರಿಂದ ಲೆನ್ಸ್ ಫಿಲ್ಮಿನಿಂದಲೂ ಶಟರ್ ಎಲೆಗಳಿಂದಲೂ (ತೆರೆದು ಮುಚ್ಚುವ ತೆಳು ತಗಡುಗಳು) ದೂರ ಹೋಗಿದೆ. 60 ಮಿ.ಮೀ. ಫೋಕಲ್ ದೂರದ ಈ ಲೆನ್ಸ್ 2 ಮಿ.ಮೀ. ಮುಂದೆ ಸರಿದರೂ ಸಾಕು, ಫೋಕಸ್ ಎರಡು ಮೀಟರಿನ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಮೊದಲು ಲೆನ್ಸನ್ನು ಬ್ಯಾರಲಿನಿಂದ ಬಿಡಿಸಿ. ತಗ್ಗಾದ ಮೈ ಎಲೆಗಳ ಕಡೆಗೇ ಇರಲಿ. ತಿರುಗಿಸಿ ಕೂರಿಸಿದರೆ ಅಂಚೆಲ್ಲ ಕಲಸಿಹೋಗುತ್ತದೆ. ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಲೆನ್ಸ್ ಕೂರಿಸಲು ಕಪ್ಪು ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ರಿಂಗ್ ಮಾಡಿಸಿ, ಹೊರಗೆ ಶಟರಿಗೆ ತಿರುಪಲು 29.5 × 0.5 ಥ್ರೆಡ್ (ವ್ಯಾಸ 29.5 ಮಿ.ಮೀ., ಸುತ್ತಿನಿಂದ ಸುತ್ತಿಗೆ 0.5 ಮಿ.ಮೀ.). ಅಷ್ಟು ಸಣ್ಣ ಥ್ರೆಡ್ ಆಗಲ್ಲ ಅಂದರೆ ಥ್ರೆಡ್ ಇಲ್ಲದೆ ಬಿಗಿಯಾಗಿ ಕೂರುವಂತೆ ಕೊರೆದುಕೊಟ್ಟರೂ ನಡೆಯುತ್ತದೆ. ಎಲೆಗಳಿಗೂ ಲೆನ್ಸಿಗೂ ನಡುವಿನ ಅಂತರ ಹೋಲ್ಗಾದಲ್ಲಿ ಇದ್ದಷ್ಟೇ ಇರಲಿ, ಮೂಲೆಯ ಕಪ್ಪು ಕಡಿಮೆಯಾಗುವುದು ಅಲ್ಲೇ. ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ, ಆ ಲೆನ್ಸಿನ ಗುಣವೇ ಅದು.

ಫೆವಿಕ್ವಿಕ್ ಬೇಡವೇ ಬೇಡ. ಅದರ ಹೊಗೆ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅರಾಲ್ಡೈಟ್ ಮೂರು ಚುಕ್ಕೆ ಸಾಕು, ಅದೂ ಫೋಕಸ್ ನೋಡಿದ ಮೇಲೆ.

ಶಟರ್ ಮೇಲಿನ ಅಪರ್ಚರ್ (ಬೆಳಕು ಬರುವ ರಂಧ್ರದ ಅಳತೆ) ಸ್ಕೇಲ್ ಅದರಲ್ಲಿ ಮೊದಲಿದ್ದ ಹಳೆಯ ಲೆನ್ಸಿನದು, ನಂಬಬೇಡಿ. ಎಫ್/8 ಅಂದರೆ ಫೋಕಲ್ ದೂರದ ಎಂಟನೇ ಒಂದು ಪಾಲು, ಇಲ್ಲಿ ಸುಮಾರು 7.5 ಮಿ.ಮೀ. ರಂಧ್ರ, ಅಳೆದು ಗುರುತು ಹಾಕಿ. ಆ ರಂಧ್ರದಲ್ಲೇ ಶಟರ್ ಟಿ-ಯಲ್ಲಿ (ಮತ್ತೆ ಒತ್ತುವವರೆಗೆ ತೆರೆದೇ ಇರುವ ಗುರುತು) ತೆರೆದಿಟ್ಟು, ಕ್ಯಾಮೆರಾದೊಳಗೆ ಫಿಲ್ಮ್ ಕೂರುವ ಹಳಿಗಳ ಮೇಲೆ ಟ್ರೇಸಿಂಗ್ ಪೇಪರ್ ಬಿಗಿದು, ನೂರು ಮೀಟರ್ ಆಚೆಯ ಮೊಬೈಲ್ ಟವರ್ ಚುರುಕಾಗಿ ಕಾಣುವವರೆಗೆ ರಿಂಗ್ ಹಿಂದೆಮುಂದೆ ಮಾಡಿ. ರಂಧ್ರ ದೊಡ್ಡದಿಟ್ಟು ಫೋಕಸ್ ಮಾಡಿದರೆ ಆಮೇಲೆ ಜಾರುತ್ತದೆ. ನೆತ್ತಿ ಬಿಸಿಲಲ್ಲಿ ಐಎಸ್ಒ 100 (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆ) ಫಿಲ್ಮಿಗೆ 1/500 ಸೆಕೆಂಡ್ ಇಟ್ಟು ಶುರು ಮಾಡಿ.