ಓದುಗರ ಪ್ರಶ್ನೆ: ಎಐ ನೆಚ್ಚಿಕೊಂಡು ಕಲಾವಿದರಾಗಿ ಉಳಿಯಬಹುದೇ?

ಪ್ರಶ್ನೆ: ಚಿತ್ರಕಲೆಯಲ್ಲಿ ಪದವಿ ಪಡೆದ ಮೇಲೆ ಕುಂಚಕ್ಕಿಂತ ಹೆಚ್ಚಾಗಿ ಎಐ ತಂತ್ರಾಂಶಗಳನ್ನೇ ಬಳಸಿ ಚಿತ್ರ ರಚಿಸುತ್ತಿದ್ದೇನೆ. ನೋಡಿದವರು ಮೆಚ್ಚುತ್ತಾರೆ, ಕೊಳ್ಳುವವರು ಮಾತ್ರ ಸಿಗುತ್ತಿಲ್ಲ. ಜೊತೆಗೆ ಓದಿದವರು ಇದು ಕಲೆಯೇ ಅಲ್ಲ ಎನ್ನುತ್ತಾರೆ. ಈ ದಾರಿಯಲ್ಲಿ ದೀರ್ಘಕಾಲ ವೃತ್ತಿ ನಡೆಸಿದವರು ಯಾರಾದರೂ ಇದ್ದಾರೆಯೇ?

ಉತ್ತರ: ಇದ್ದಾರೆ, ಅದೂ ಇಂದಿನ ತಂತ್ರಾಂಶಗಳು ಹುಟ್ಟುವುದಕ್ಕೆ ಬಹಳ ಮೊದಲಿನಿಂದಲೇ. ಬ್ರಿಟನ್ನಿನ ವರ್ಣಚಿತ್ರಕಾರ ಹೆರಾಲ್ಡ್ ಕೋಹೆನ್ 1966ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸುವಷ್ಟು ಹೆಸರು ಮಾಡಿದ್ದವರು. 1968ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಅವರು ಅಲ್ಲಿ ಪ್ರೋಗ್ರಾಮಿಂಗ್ ಕಲಿತು, 1970ರ ದಶಕದ ಆರಂಭದಲ್ಲಿ ‘ಆರನ್’ ಎಂಬ, ತಾನೇ ಚಿತ್ರ ಬಿಡಿಸುವ ಪ್ರೋಗ್ರಾಂ ಬರೆಯಲು ತೊಡಗಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಅದರೊಂದಿಗೇ ಕೆಲಸ ಮಾಡಿದರು. ಇಂದಿನ ತಂತ್ರಾಂಶಗಳಂತೆ ಆರನ್‌ಗೆ ಇತರರ ಚಿತ್ರಗಳನ್ನು ರಾಶಿ ಹಾಕಿ ಕಲಿಸಿರಲಿಲ್ಲ. ಮುಚ್ಚಿದ ಆಕೃತಿ ಯಾವುದು, ತೆರೆದ ಗೆರೆ ಯಾವುದು, ಆಕೃತಿಯೊಂದರ ಒಳಗು ಯಾವುದು, ಹೊರಗು ಯಾವುದು ಎಂಬಂತಹ ನಿಯಮಗಳನ್ನು ಕೋಹೆನ್ ಅವರೇ ಬರೆದು ಕೊಟ್ಟಿದ್ದರು. ಆರಂಭದಲ್ಲಿ ಗೆರೆ ಯಂತ್ರದ್ದು, ಬಣ್ಣ ಅವರದು. 1990ರ ದಶಕದಲ್ಲಿ ಬಣ್ಣ ಹಚ್ಚುವುದನ್ನೂ ಯಂತ್ರಕ್ಕೆ ಒಪ್ಪಿಸಿದರು. ಕೊನೆಯ ವರ್ಷಗಳಲ್ಲಿ ಮತ್ತೆ ತಾವೇ ಬಣ್ಣ ಹಚ್ಚತೊಡಗಿದರು. ಯಾವ ಕೆಲಸ ಯಂತ್ರಕ್ಕೆ, ಯಾವುದು ತನಗೆ ಎಂಬುದನ್ನು ತಾನೇ ತೀರ್ಮಾನಿಸಿ, ಆ ತೀರ್ಮಾನವನ್ನು ಕಾಲಕಾಲಕ್ಕೆ ಬದಲಿಸುತ್ತ ಹೋದದ್ದೇ ಅವರ ವೃತ್ತಿಯ ಬೆನ್ನೆಲುಬು ಎಂದು ನಾನು ತಿಳಿಯುತ್ತೇನೆ.

ನಿಮ್ಮ ತೊಡಕು ಇರುವುದು ಇಲ್ಲಿಯೇ. ಕಂಪನಿಯೊಂದು ಸಿದ್ಧಪಡಿಸಿ ಕೊಟ್ಟ ತಂತ್ರಾಂಶವನ್ನು ಎಲ್ಲರೂ ಒಂದೇ ರೀತಿ ಬಳಸಿದಾಗ ಎಲ್ಲರ ಚಿತ್ರಕ್ಕೂ ಒಂದೇ ಮುಖಚಹರೆ ಬರುತ್ತದೆ, ಮತ್ತು ಆ ಚಹರೆ ಬೇಗ ಹಳತಾಗುತ್ತದೆ. 2015ರಲ್ಲಿ ಗೂಗಲ್ ಹೊರತಂದ, ಕೊಟ್ಟ ಚಿತ್ರವನ್ನು ಮಾರ್ಪಡಿಸುವ ತಂತ್ರಾಂಶ ‘ಡೀಪ್‌ಡ್ರೀಮ್’ ಮೋಡದಲ್ಲೂ ಮರದಲ್ಲೂ ನಾಯಿಮುಖಗಳನ್ನು, ಲೆಕ್ಕವಿಲ್ಲದಷ್ಟು ಕಣ್ಣುಗಳನ್ನು ಮೂಡಿಸುತ್ತಿತ್ತು. ಜನ ಬೆರಗಾದರು, ಸ್ವಲ್ಪ ಕಾಲದಲ್ಲೇ ಬೇಸರಪಟ್ಟರು. ಎರಡು ಕೃತಕ ನರಜಾಲಗಳನ್ನು ಪರಸ್ಪರ ಪೈಪೋಟಿಗೆ ಬಿಟ್ಟು ಚಿತ್ರ ರಚಿಸುವ, 2014ರಲ್ಲಿ ಬಂದ ‘ಗ್ಯಾನ್’ ವಿಧಾನ ಮುಂದಿನ ಕೆಲವು ವರ್ಷ ಮೆರೆಯಿತು. 2022ರ ಹೊತ್ತಿಗೆ ಪಠ್ಯದಿಂದ ಚಿತ್ರ ರಚಿಸುವ ‘ಡಿಫ್ಯೂಷನ್’ ಮಾದರಿಗಳು (ಚಿತ್ರಗಳ ರಾಶಿಯಿಂದ ಕಲಿತ ತಂತ್ರಾಂಶಗಳು) ಜನಸಾಮಾನ್ಯರ ಕೈಗೆ ಬಂದವು. ಇವುಗಳಲ್ಲಿ ಯಾವುದೋ ಒಂದರ ಚಳಕವನ್ನೇ ತನ್ನ ಶೈಲಿಯೆಂದು ನಂಬಿದವರಿಗೆ ಮುಂದಿನ ಆವೃತ್ತಿ ಬಂದ ದಿನವೇ ಶೈಲಿ ಇಲ್ಲವಾಗುತ್ತದೆ.

ಉಳಿದವರು ಯಂತ್ರಕ್ಕೆ ತಮ್ಮದೇ ಸಾಮಗ್ರಿಯನ್ನು ಉಣಿಸಿದವರು. ಆನಾ ರಿಡ್ಲರ್ ಎಂಬ ಕಲಾವಿದೆ ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳನ್ನು ಬಾಚಿಕೊಳ್ಳದೆ, ಟ್ಯುಲಿಪ್ ಹೂಗಳ ಋತುವಿನಲ್ಲಿ ಹತ್ತು ಸಾವಿರ ಛಾಯಾಚಿತ್ರಗಳನ್ನು ತಾವೇ ತೆಗೆದು, ಪ್ರತಿಯೊಂದನ್ನೂ ತಾವೇ ವರ್ಗೀಕರಿಸಿ, ಕೈಬರಹದಲ್ಲಿ ಗುರುತು ಬರೆದರು. ಆ ದತ್ತಾಂಶದಿಂದ ಕಲಿತ ಮಾದರಿ ‘ಮೊಸಾಯಿಕ್ ವೈರಸ್’ ಎಂಬ ವಿಡಿಯೊ ಕೃತಿಯಲ್ಲಿ ಟ್ಯುಲಿಪ್‌ಗಳನ್ನು ಅರಳಿಸುತ್ತದೆ, ಬಿಟ್‌ಕಾಯಿನ್ ಬೆಲೆಯ ಏರಿಳಿತಕ್ಕೆ ತಕ್ಕಂತೆ ಎಸಳಿನ ಪಟ್ಟೆಗಳು ಬದಲಾಗುತ್ತವೆ. ಟ್ಯುಲಿಪ್ ಗೆಡ್ಡೆಗಳ ಬೆಲೆ ಗಗನಕ್ಕೇರಿ ಕುಸಿದ ಹದಿನೇಳನೆಯ ಶತಮಾನದ ಟ್ಯುಲಿಪ್ ಹುಚ್ಚನ್ನು ಇಂದಿನ ಸಟ್ಟಾ ವ್ಯಾಪಾರದೊಂದಿಗೆ ಜೋಡಿಸುವ ಈ ಯೋಚನೆ ಯಂತ್ರದ್ದಲ್ಲ. ಗಮನಿಸಬೇಕಾದ ಮಾತೆಂದರೆ, ಗುರುತು ಬರೆದ ಆ ಛಾಯಾಚಿತ್ರಗಳೇ ಗೋಡೆ ತುಂಬ ಹರಡಿಕೊಂಡು ಪ್ರತ್ಯೇಕ ಕೃತಿಯಾಗಿಯೂ ಪ್ರದರ್ಶನಗೊಂಡವು. ತಂತ್ರಾಂಶ ನಾಳೆ ಹಳತಾದರೂ ಅವು ಕಲಾವಿದೆಯ ಆಸ್ತಿ.

ನಿಮ್ಮ ಬಳಿ ವಿದ್ಯಾರ್ಥಿದೆಸೆಯ ರೇಖಾಚಿತ್ರಗಳ ಪುಸ್ತಕಗಳು ಇದ್ದೇ ಇರುತ್ತವೆ. ಅವನ್ನು ಸ್ಕ್ಯಾನ್ ಮಾಡಿ, ಮುಕ್ತವಾಗಿ ಸಿಗುವ ಮಾದರಿಯೊಂದಕ್ಕೆ ಅವುಗಳಿಂದಲೇ ಮರುತರಬೇತಿ ಕೊಟ್ಟು ನೋಡಿ. ನೂರಕ್ಕಿಂತ ಕಡಿಮೆ ಚಿತ್ರಗಳಿಂದಲೂ ಇದು ಸಾಧ್ಯ. ಬಂದ ಫಲಿತಾಂಶದಲ್ಲಿ ಯಾವುದನ್ನು ಏಕೆ ತಳ್ಳಿಹಾಕಿದಿರಿ ಎಂಬುದನ್ನು ಬರೆದಿಡಿ. ಪ್ರದರ್ಶನಕ್ಕೆ ಕೃತಿಗಳನ್ನು ಆರಿಸುವ ಕ್ಯುರೇಟರ್ ಎದುರು ಕುಳಿತಾಗ ನಿಮಗೆ ಮಾತು ಒದಗುವುದು ಆ ಟಿಪ್ಪಣಿಗಳಿಂದ. ವರಮಾನದ ವಿಷಯದಲ್ಲಿ, ಮುದ್ರಿತ ಪ್ರತಿಗಳ ಮಾರಾಟವನ್ನೇ ನಂಬಬೇಡಿ. ಪರದೆಯ ಮೇಲೆ ಪುಕ್ಕಟೆಯಾಗಿ ಕಾಣುವುದಕ್ಕೆ ದುಡ್ಡು ಕೊಡುವವರು ವಿರಳ. ಸಂಸ್ಥೆಗಳು ವಹಿಸಿಕೊಡುವ ಪ್ರತಿಷ್ಠಾಪನಾ ಕೃತಿಗಳು, ಕಲಾನಿವಾಸಗಳು (ಕಲಾವಿದರನ್ನು ಕೆಲಕಾಲ ಉಳಿಸಿಕೊಂಡು ಕೆಲಸಕ್ಕೆ ಅವಕಾಶ ಕೊಡುವ ಯೋಜನೆಗಳು), ಬೋಧನೆ, ಇವೇ ಹೆಚ್ಚು ಭರವಸೆಯ ಮೂಲಗಳು.

ಪ್ರಶ್ನೆ: ಎಐ ಬಳಸಿ ರಚಿಸಿದ ಚಿತ್ರದ ಹಕ್ಕುಸ್ವಾಮ್ಯ ನನ್ನದೇ ಆಗುತ್ತದೆಯೇ? ಪ್ರಾಂಪ್ಟ್ (ಯಂತ್ರಕ್ಕೆ ಕೊಡುವ ಪಠ್ಯರೂಪದ ಸೂಚನೆ) ಬರೆಯುವುದಕ್ಕೂ ಶ್ರಮ ಬೇಕಲ್ಲವೇ?

ಉತ್ತರ: ಶ್ರಮ ಬೇಕು, ಆದರೆ ಶ್ರಮವೊಂದೇ ಹಕ್ಕನ್ನು ತಂದುಕೊಡುವುದಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ ಮೇಳದಲ್ಲಿ 2022ರಲ್ಲಿ ಬಹುಮಾನ ಪಡೆದ ಚಿತ್ರವೊಂದಕ್ಕಾಗಿ ಅದರ ಕರ್ತೃ ಕನಿಷ್ಠ 624 ಬಾರಿ ಪ್ರಾಂಪ್ಟ್ ತಿದ್ದಿ ಬರೆದಿದ್ದಾಗಿ ಹೇಳಿದರೂ, ಯಂತ್ರ ರಚಿಸಿದ ಭಾಗದ ಮೇಲಿನ ಹಕ್ಕನ್ನು ಕೈಬಿಡಲು ಅವರು ಒಪ್ಪದ ಕಾರಣ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2023ರಲ್ಲಿ ನೋಂದಣಿ ನಿರಾಕರಿಸಿತು. ಅದೇ ವರ್ಷ ಎಐ ಚಿತ್ರಗಳಿದ್ದ ಕಾಮಿಕ್ ಪುಸ್ತಕವೊಂದರ ವಿಷಯದಲ್ಲಿ, ಲೇಖಕಿ ಬರೆದ ಪಠ್ಯಕ್ಕೂ ಚಿತ್ರಗಳನ್ನು ಆರಿಸಿ ಜೋಡಿಸಿದ ಕ್ರಮಕ್ಕೂ ರಕ್ಷಣೆ ದೊರೆಯಿತು, ಬಿಡಿ ಚಿತ್ರಗಳಿಗೆ ದೊರೆಯಲಿಲ್ಲ. ಚೀನಾದ ಬೀಜಿಂಗ್ ಇಂಟರ್ನೆಟ್ ನ್ಯಾಯಾಲಯ ಮಾತ್ರ 2023ರ ನವೆಂಬರ್‌ನಲ್ಲಿ, ಪ್ರಾಂಪ್ಟ್‌ಗಳನ್ನು ಆರಿಸಿ ತಿದ್ದಿದ ಬಳಕೆದಾರನ ಹಕ್ಕನ್ನು ಎತ್ತಿಹಿಡಿಯಿತು. ದೇಶದಿಂದ ದೇಶಕ್ಕೆ ಕಾನೂನು ಬೇರೆಯಾದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ವಕೀಲರನ್ನು ಕೇಳುವುದು ಒಳಿತು. ಮೂಲ ರೇಖಾಚಿತ್ರ, ಮಧ್ಯದ ಹಂತಗಳು, ಕೈಯಿಂದ ತಿದ್ದಿದ ಭಾಗ, ಎಲ್ಲವನ್ನೂ ದಿನಾಂಕದೊಂದಿಗೆ ಕಾಪಾಡಿಕೊಳ್ಳಿ. ನಿಮ್ಮ ಪಾಲು ಎಷ್ಟೆಂದು ತೋರಿಸುವ ಪುರಾವೆ ಅದೇ.

ಪ್ರಶ್ನೆ: ಎಐ ಚಿತ್ರವೊಂದು ನಾಲ್ಕು ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತಂತೆ. ಹರಾಜು ಮಾರುಕಟ್ಟೆಯನ್ನೇ ಗುರಿಯಾಗಿಟ್ಟುಕೊಳ್ಳಬಾರದೇಕೆ?

ಉತ್ತರ: ನೀವು ಹೇಳುತ್ತಿರುವುದು 2018ರ ಅಕ್ಟೋಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರಿಗೆ ಹೋದ ‘ಎಡ್ಮಂಡ್ ದ ಬೆಲಾಮಿ’ ಚಿತ್ರದ ಮಾತು. ಹರಾಜು ಸಂಸ್ಥೆಯ ಅಂದಾಜು ಹತ್ತು ಸಾವಿರ ಡಾಲರನ್ನು ದಾಟಿರಲಿಲ್ಲ. ಅದನ್ನು ರಚಿಸಿದ ಫ್ರೆಂಚ್ ತಂಡ, ರಾಬಿ ಬ್ಯಾರಟ್ ಎಂಬ ತರುಣ ಕಲಾವಿದ ಮುಕ್ತವಾಗಿ ಹಂಚಿಕೊಂಡಿದ್ದ ಕೋಡ್ ಬಳಸಿತ್ತು. ಹಣ ತಂಡಕ್ಕೆ ಬಂತು, ಕರ್ತೃತ್ವ ಯಾರದು ಎಂಬ ತಕರಾರೂ ಅದರ ಬೆನ್ನಿಗೇ ಬಂತು. ಕುತೂಹಲಕ್ಕೆ ಬಂದ ಬೆಲೆಯನ್ನು ನಂಬಿ ವೃತ್ತಿ ಕಟ್ಟಲಾಗದು.

ಪ್ರಶ್ನೆ: ಸ್ಪರ್ಧೆಗೆ ಕಳುಹಿಸುವಾಗ ಎಐ ಬಳಸಿದ್ದನ್ನು ಹೇಳಲೇಬೇಕೇ?

ಉತ್ತರ: ಹೇಳಲೇಬೇಕು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದು, ತಮ್ಮ ಚಿತ್ರ ಎಐ ರಚಿತವೆಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು. ಅದು ಚರ್ಚೆ ಎಬ್ಬಿಸಲೆಂದೇ ಮಾಡಿದ ಕೆಲಸ, ಮೊದಲ ಮೆಟ್ಟಿಲಲ್ಲಿರುವವರು ಅನುಕರಿಸುವಂಥದ್ದಲ್ಲ. ಯಾವ ತಂತ್ರಾಂಶ, ಯಾರ ಸಾಮಗ್ರಿ, ನಿಮ್ಮ ಕೈ ಎಲ್ಲೆಲ್ಲಿ ಆಡಿದೆ ಎಂಬ ಮೂರು ಸಾಲುಗಳನ್ನು ಅರ್ಜಿಯಲ್ಲೇ ಬರೆಯಿರಿ. ಸ್ಪರ್ಧೆಯ ನಿಯಮ ಎಐಯನ್ನು ನಿಷೇಧಿಸಿದ್ದರೆ ಬೇರೆ ಸ್ಪರ್ಧೆ ನೋಡಿಕೊಳ್ಳಿ.